ಕಾಲುವೆಯ ಪರವಾಗಿ ‘ಬೇಡ’ ಎನ್ನುವವರು ಯಾರು?

ಚೆನ್ನೈನ ತಿರುಮಯಿಲೈ ನಿಲ್ದಾಣದಲ್ಲಿ ರೈಲು ಹತ್ತಿ ವೇಳಚೇರಿಯ ಕಡೆ ಹೊರಟರೆ, ಕಿಟಕಿಯ ಕೆಳಗೆ ಕಪ್ಪು ನೀರಿನ ಪಟ್ಟಿಯೊಂದು ಬಹುದೂರದವರೆಗೆ ಜೊತೆಗೇ ಬರುತ್ತದೆ. ಕೊಟ್ಟೂರುಪುರಂ, ಕಸ್ತೂರಬಾ ನಗರ, ಇಂದಿರಾ ನಗರ ಎಂದು ನಿಲ್ದಾಣಗಳ ಹೆಸರು ಬದಲಾಗುತ್ತದೆ, ನೀರಿನ ಬಣ್ಣ ಬದಲಾಗುವುದಿಲ್ಲ. ಮೂಗಿಗೆ ಕರವಸ್ತ್ರ ಹಿಡಿದ ಪ್ರಯಾಣಿಕ ಅದನ್ನು ದೊಡ್ಡ ಮೋರಿ ಎಂದುಕೊಳ್ಳುತ್ತಾನೆ. ಅವನನ್ನು ದೂರಿ ಫಲವಿಲ್ಲ. ಊರೇ ಅದನ್ನು ಮೋರಿಯೆಂದು ತೀರ್ಮಾನಿಸಿ ಬಹಳ ಕಾಲವಾಯಿತು.

ಅದು ಬಕಿಂಗ್‌ಹ್ಯಾಮ್ ಕಾಲುವೆ. 1806ರಲ್ಲಿ ಮದ್ರಾಸಿನಿಂದ ಎಣ್ಣೂರಿನವರೆಗಿನ ಸಣ್ಣ ತೋಡಾಗಿ ಶುರುವಾದದ್ದು. ಬಂಡವಾಳ ಹಾಕಿದವನ ಹೆಸರಿನಲ್ಲಿ ಮೊದಲು ಕೊಕ್ರೇನ್ ಕಾಲುವೆ ಎನಿಸಿಕೊಂಡಿತ್ತು. ಮುಂದೆ ಉತ್ತರಕ್ಕೆ ಆಂಧ್ರದ ಪೆದ್ದಗಂಜಾಂವರೆಗೆ, ದಕ್ಷಿಣಕ್ಕೆ ಮರಕ್ಕಾಣಂವರೆಗೆ ಬೆಳೆಯಿತು. ಕೃಷ್ಣಾ, ಗೋದಾವರಿ ಸೀಮೆಯ ಕಾಲುವೆಗಳ ಜೊತೆ ಸೇರಿಸಿ ನೋಡಿದರೆ ಕಾಕಿನಾಡದಿಂದ ಮರಕ್ಕಾಣಕ್ಕೆ ಸುಮಾರು 796 ಕಿಲೋಮೀಟರ್ ಜಲಮಾರ್ಗ. ಕಡಲಿಗೆ ಸಮಾನಾಂತರವಾಗಿ, ಅಲೆಯ ಹೊಡೆತ ತಗುಲದಷ್ಟು ಒಳಗೆ. ಉಪ್ಪು, ಸೌದೆ, ಅಕ್ಕಿ, ತರಕಾರಿ ತುಂಬಿದ ದೋಣಿಗಳು ಈ ದಾರಿಯಲ್ಲಿ ಮದ್ರಾಸಿಗೆ ಬರುತ್ತಿದ್ದವು. 1965 ಮತ್ತು 66ರ ಚಂಡಮಾರುತಗಳು ಕಾಲುವೆಯನ್ನು ಕೆಡಿಸಿದ ಮೇಲೆ ದೋಣಿಗಳೂ ನಿಂತವು, ಊರಿನ ನೆನಪೂ ನಿಂತಿತು.

ನಗರದೊಳಗಿನ ತುಂಡಿಗೆ ಇನ್ನೊಂದು ಚರಿತ್ರೆ ಇದೆ, ಅದು ಕನ್ನಡಿಗರಿಗೆ ಹೊರಗಿನದಲ್ಲ. ಕೂವಂ ಮತ್ತು ಅಡ್ಯಾರ್ ನದಿಗಳನ್ನು ಜೋಡಿಸುವ ಸುಮಾರು 8 ಕಿಲೋಮೀಟರ್ ಭಾಗವನ್ನು ತೋಡಿದ್ದು 1877-78ರಲ್ಲಿ, ಬರಪರಿಹಾರದ ಕಾಮಗಾರಿಯಾಗಿ. ಆಗ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರು ಕಾಲುವೆಗೆ ಅಂಟಿಕೊಂಡದ್ದೂ ಆಗಲೇ. ಆ ಬರವನ್ನು ತಮಿಳರು ಧಾತು ವರ್ಷದ ಬರ ಎನ್ನುತ್ತಾರೆ. ಹಳೆ ಮೈಸೂರಿನ ಅಜ್ಜಿಯರ ಬಾಯಲ್ಲಿ ‘ಧಾತು ಈಶ್ವರದ ಬರ’ ಎಂದು ಉಳಿದದ್ದೂ ಅದೇ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬರದ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಕಾಸು ಸಾಕು ಎಂದು ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದ. ಅಷ್ಟರಲ್ಲಿ ಮನುಷ್ಯ ಬದುಕಲಾರ ಎಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ತಕರಾರು ತೆಗೆದಿದ್ದ. ಹಸಿದ ಜನ ಅಗೆದ ಕಾಲುವೆ ಅದು. ಹೆಸರು ಮಾತ್ರ ಡ್ಯೂಕನದು.

ಈ ಕಾಲುವೆಯ ಮೇಲೆ ಸ್ವತಂತ್ರ ಭಾರತ ಮಾಡಿದ ದೊಡ್ಡ ಕೆಲಸವೆಂದರೆ ಅದರೊಳಗೆ ಕಾಂಕ್ರೀಟ್ ಕಂಬ ನೆಟ್ಟದ್ದು. ಎತ್ತರಿಸಿದ ರೈಲುಮಾರ್ಗ 1995ರಲ್ಲಿ ಚೇಪಾಕ್‌ಗೆ, 1997ರಲ್ಲಿ ಮೈಲಾಪುರಕ್ಕೆ, 2007ರಲ್ಲಿ ವೇಳಚೇರಿಗೆ ಬಂತು. ಬಹುಪಾಲು ಕಂಬಗಳು ಕಾಲುವೆಯ ಪಾತ್ರದಲ್ಲೋ ಅದರ ದಂಡೆಯಲ್ಲೋ ಇವೆ. ಕೆಲವು ನಿಲ್ದಾಣಗಳ ಬುಡದಲ್ಲಿ ಕಾಲುವೆ 50 ಮೀಟರಿಗೂ ಕಿರಿದಾಗಿದೆ. ಮುಂದಿನದು ಇನ್ನೂ ಸೊಗಸು. ಇದೇ ಕಾಲುವೆಯನ್ನು ಒಳಗೊಂಡ ಜಲಮಾರ್ಗವನ್ನು 2008ರಲ್ಲಿ ರಾಷ್ಟ್ರೀಯ ಜಲಮಾರ್ಗ 4 ಎಂದು ಘೋಷಿಸಲಾಯಿತು. ಒಂದು ಕೈ ಕಂಬ ನೆಟ್ಟಿತು, ಇನ್ನೊಂದು ಕೈ ದೋಣಿಗೆ ಫಲಕ ಬರೆಯಿತು.

ರೈಲಿನ ಪರವಾದ ವಾದವನ್ನು ನ್ಯಾಯವಾಗಿಯೇ ಕೇಳಬೇಕು. ಕಿಕ್ಕಿರಿದ ನಗರದಲ್ಲಿ ಹಳಿ ಹಾಕಲು ಜಾಗ ಬೇಕು, ಮನೆ ಕೆಡವಿದರೆ ಪರಿಹಾರ ಕೊಡಬೇಕು, ಕೋರ್ಟಿಗೆ ಅಲೆಯಬೇಕು. ಕಾಲುವೆ ಸರ್ಕಾರದ ಜಾಗ. ದೋಣಿ ಓಡುವುದಿಲ್ಲ, ನೀರು ನಾರುತ್ತದೆ. ಲಕ್ಷಾಂತರ ಜನ ಕಡಿಮೆ ಟಿಕೆಟ್ಟಿನಲ್ಲಿ ಓಡಾಡುವ ಹಾಗಾಗುವುದಾದರೆ ಸತ್ತ ಕಾಲುವೆಯನ್ನು ಹಿಡಿದುಕೊಂಡು ಏನು ಮಾಡುವುದು? ವಾದದಲ್ಲಿ ಬಲವಿದೆ. ಆದರೆ ಅದರೊಳಗಿನ ಒಂದು ಮಾತನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕಾಲುವೆಯ ಜಾಗ ಅಗ್ಗವಾದದ್ದು ಅದು ಸರ್ಕಾರದ್ದೆಂಬ ಕಾರಣಕ್ಕಲ್ಲ. ಅದರ ಪರವಾಗಿ ‘ಬೇಡ’ ಎನ್ನುವವರು ಇರಲಿಲ್ಲ ಎಂಬ ಕಾರಣಕ್ಕೆ. ಸೆಕ್ರೆಟರಿಯೇಟೂ ಸರ್ಕಾರದ ಜಾಗವೇ, ಅದರ ಅಂಗಳದಲ್ಲಿ ಯಾರೂ ಕಂಬ ನೆಡುವುದಿಲ್ಲ.

ಮತ್ತೆ, ಕಾಲುವೆ ಸತ್ತಿತ್ತೇ? ಕೂವಂ, ಅಡ್ಯಾರ್, ಉತ್ತರದ ಕೊಸಸ್ಥಲೈಯಾರ್, ಈ ಮೂರನ್ನೂ ಅಡ್ಡಲಾಗಿ ಜೋಡಿಸಿರುವುದು ಅದೊಂದೇ. ಒಂದು ನದಿಯ ಬಾಯಿ ಮರಳುದಿಬ್ಬದಿಂದ ಮುಚ್ಚಿದರೆ ನೀರಿಗೆ ಇನ್ನೊಂದು ದಾರಿ ಅದೇ. ದಕ್ಷಿಣ ಚೆನ್ನೈನ ಮಳೆನೀರು ಪಳ್ಳಿಕರಣೈ ಜೌಗಿಗೆ ಇಳಿದು, ಒಕ್ಕಿಯಂ ಮಡುವಿನ ಮೂಲಕ ಕಾಲುವೆ ಸೇರಿ, ಮುಟ್ಟುಕಾಡಿನ ಹತ್ತಿರ ಕಡಲಿಗೆ ಹೋಗಬೇಕು. ಪಳ್ಳಿಕರಣೈಗೆ 2022ರಲ್ಲಿ ರಾಮ್‌ಸಾರ್ ಪಟ್ಟ ಸಿಕ್ಕಿತು. ಅದರ ನೀರು ಹೊರಹೋಗುವ ಕೊಳವೆಗೆ ಯಾವ ಪಟ್ಟವೂ ಇಲ್ಲ. 2004ರ ಸುನಾಮಿಯ ದಿನ ಕಾಲುವೆ ಕರಾವಳಿಯುದ್ದಕ್ಕೂ ಅಲೆಯ ನೀರನ್ನು ತನ್ನೊಳಗೆ ಹಿಡಿದು ಮತ್ತೆ ಕಡಲಿಗೆ ಬಿಟ್ಟಿತೆಂದು ಭೂವಿಜ್ಞಾನಿಗಳು ಬರೆದಿದ್ದಾರೆ. ಇಷ್ಟೆಲ್ಲ ಕೆಲಸವನ್ನು ಅದು ಮಾಡುವುದು ಖಾಲಿ ಇರುವುದರಿಂದ. ಖಾಲಿ ಇರುವುದೇ ಅದರ ಉದ್ಯೋಗ. ನಗರಯೋಜನೆಯವರ ಕಣ್ಣಿಗೆ ಮಾತ್ರ ಖಾಲಿ ಎಂದರೆ ನಿರುದ್ಯೋಗಿ.

ಸತ್ತ ಕಾಲುವೆಯ ಮೇಲೆ ಸಾರಿಗೆ ಮಾರ್ಗ ಹಾಯಿಸುವ ಇದೇ ಯೋಚನೆ ನಾಲ್ಕು ದಶಕ ಮೊದಲು ಇನ್ನೊಂದು ದೇಶದಲ್ಲಿ ಬಂದಿತ್ತು. ಅಲ್ಲಿ ಉತ್ತರ ಬೇರೆಯಾಯಿತು, ಕಾರಣ ತಿಳಿಯುವುದು ಉಪಯೋಗಕರ. ವಾಷಿಂಗ್ಟನ್ನಿನಿಂದ ಪೊಟೊಮ್ಯಾಕ್ ನದಿಯ ಮಗ್ಗುಲಲ್ಲೇ ಕಂಬರ್‌ಲೆಂಡಿನವರೆಗೆ ಸುಮಾರು 297 ಕಿಲೋಮೀಟರ್ ಉದ್ದದ ಚೆಸಪೀಕ್ ಅಂಡ್ ಒಹಾಯೊ ಕಾಲುವೆ ಇದೆ. 1828ರಲ್ಲಿ ಶುರುವಾಗಿ 1850ರಲ್ಲಿ ಕಂಬರ್‌ಲೆಂಡ್ ಮುಟ್ಟಿತು. ಅಷ್ಟರಲ್ಲಿ ರೈಲು ಅದಕ್ಕಿಂತ ಮೊದಲೇ ಅಲ್ಲಿಗೆ ತಲುಪಿತ್ತು. 1924ರ ಪ್ರವಾಹದ ನಂತರ ದೋಣಿಗಳು ನಿಂತವು, 1938ರಲ್ಲಿ ಕೇಂದ್ರ ಸರ್ಕಾರ 20 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಕೊಂಡಮೇಲೆ ಏನು ಮಾಡುವುದೆಂದು ಯೋಚಿಸಿ, ಕಾಲುವೆಯ ಜಾಗದಲ್ಲಿ ಕಾರುಗಳು ಓಡಾಡುವ ವಿಹಾರ ಹೆದ್ದಾರಿ ಮಾಡುವ ಯೋಜನೆ ಹಾಕಿತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸಂಪಾದಕೀಯದಲ್ಲಿ ಅದನ್ನು ಬೆಂಬಲಿಸಿತು.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಓ. ಡಗ್ಲಾಸ್ ಪತ್ರಿಕೆಗೆ ಪತ್ರ ಬರೆದರು. ಸಂಪಾದಕರು ತಮ್ಮ ಜೊತೆ ಕಾಲುವೆಯುದ್ದಕ್ಕೂ ನಡೆದು ಬರಲಿ, ಆಮೇಲೆ ಬರೆಯಲಿ ಎಂಬುದು ಸವಾಲು. ಸಂಪಾದಕೀಯ ವಿಭಾಗದ ಇಬ್ಬರು ಒಪ್ಪಿಕೊಂಡರು. ಮಾರ್ಚ್ 20ರಂದು ಕಂಬರ್‌ಲೆಂಡಿನಿಂದ ಹೊರಟ ತಂಡ ಎಂಟು ದಿನ ನಡೆಯಿತು. ಹಿಂದೊಮ್ಮೆ ಹೇಸರಗತ್ತೆಗಳು ಹಗ್ಗ ಕಟ್ಟಿ ದೋಣಿ ಎಳೆದ ದಾರಿಯ ಮೇಲೇ ನಡೆದರು. ಹೊರಟವರು ಹಲವರು, ಪೂರ್ತಿ ನಡೆದವರು ಡಗ್ಲಾಸ್ ಸೇರಿ ಒಂಬತ್ತು ಜನ. ಪತ್ರಿಕೆ ತನ್ನ ನಿಲುವನ್ನು ತಿದ್ದಿಕೊಂಡಿತು. ಹೆದ್ದಾರಿ ಬರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಒಳ್ಳೆಯ ಸಿನಿಮಾ. ಭಾರತದ ನಗರಗಳಲ್ಲಿ ನದಿ ಉಳಿಸುವ ಸಂಘ ಕಟ್ಟಿದವರು ಹೆಚ್ಚಾಗಿ ನೋಡುವುದೂ ಇಷ್ಟನ್ನೇ: ಒಬ್ಬ ದೊಡ್ಡ ಮನುಷ್ಯ, ಒಂದು ನಡಿಗೆ, ಕ್ಯಾಮೆರಾ. ಹಾಗಾಗಿ ಭಾನುವಾರ ಬೆಳಿಗ್ಗೆ ಒಂದೇ ಬಣ್ಣದ ಟೀ ಶರ್ಟ್ ಹಾಕಿ, ಕೈಗೆ ಗ್ಲೌಸ್ ತೊಟ್ಟು, ದಂಡೆಯ ಪ್ಲಾಸ್ಟಿಕ್ ಹೆಕ್ಕಿ, ಫೋಟೊ ತೆಗೆಸಿಕೊಂಡು ಇಡ್ಲಿ ತಿಂದು ಮನೆಗೆ ಹೋಗುತ್ತಾರೆ. ಹೆಕ್ಕುವುದು ತಪ್ಪಲ್ಲ. ಆದರೆ ಮುಂದಿನ ಭಾನುವಾರಕ್ಕೆ ಅಷ್ಟೇ ಪ್ಲಾಸ್ಟಿಕ್ ಬಂದು ಕೂತಿರುತ್ತದೆ, ಏಕೆಂದರೆ ಅದನ್ನು ತಂದು ಹಾಕುವ ವ್ಯವಸ್ಥೆಯ ಜೊತೆ ಯಾರೂ ಜಗಳ ಆಡಿಲ್ಲ.

ಡಗ್ಲಾಸರ ಕತೆಯ ನಿಜವಾದ ಭಾಗ ಆಮೇಲಿನದು. ನಡೆದವರು ಮನೆಗೆ ಹೋಗದೆ ಸಮಿತಿ ಮಾಡಿಕೊಂಡರು. ಆ ಸಮಿತಿಯಿಂದ ಕಾಲುವೆಯ ಸಂಘ ಬೆಳೆಯಿತು. 1961ರಲ್ಲಿ ಐಸೆನ್‌ಹೋವರ್ ಅಧಿಕಾರ ಬಿಡುವ ಮುಂಚೆ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಪೂರ್ಣ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾದದ್ದು 1971ರ ಜನವರಿಯಲ್ಲಿ. ನಡಿಗೆಗೆ ಎಂಟು ದಿನ, ಕಾನೂನಿಗೆ ಹದಿನೇಳು ವರ್ಷ. ಮರುವರ್ಷವೇ ಆಗ್ನೆಸ್ ಚಂಡಮಾರುತ ಬಂದು ಕಾಲುವೆಯನ್ನು ಹಲವೆಡೆ ಕಿತ್ತುಹಾಕಿತು, ಮತ್ತೆ ಕೆಲಸ. ಆ ಸಂಘದಲ್ಲಿ ಒಂದು ಪದ್ಧತಿಯಿದೆ, ಅದು ನಡಿಗೆಗಿಂತ ದೊಡ್ಡದು. ಇಡೀ ಕಾಲುವೆಯನ್ನು ತುಂಡುತುಂಡಾಗಿ ಹಂಚಿ, ಒಂದೊಂದು ತುಂಡನ್ನು ಒಬ್ಬೊಬ್ಬ ಸದಸ್ಯನಿಗೆ ವಹಿಸುತ್ತಾರೆ. ಅವನು ಆಗಾಗ ಅಲ್ಲಿ ನಡೆದು ಎಲ್ಲಿ ದಂಡೆ ಕುಸಿದಿದೆ, ಎಲ್ಲಿ ಮರ ಬಿದ್ದಿದೆ ಎಂದು ಬರೆದು ಕಳಿಸಬೇಕು. ಫೋಟೊಗೆ ಒದಗದ ಕೆಲಸ. ಸಂಘದ ಪ್ರಾಣ ಇರುವುದು ಅದರಲ್ಲಿ.

ಡಗ್ಲಾಸ್ ನ್ಯಾಯಮೂರ್ತಿಯಾಗಿದ್ದರಿಂದ ಪತ್ರಿಕೆ ಪತ್ರ ಹಾಕಿತು, ಸಂಪಾದಕರು ಬೂಟು ಕಟ್ಟಿದರು ಎಂಬುದೂ ನಿಜ. ಬಕಿಂಗ್‌ಹ್ಯಾಮ್ ಕಾಲುವೆಯ ದಂಡೆಯ ಗುಡಿಸಲಿನಿಂದ ಯಾರಾದರೂ ಅಂಥ ಪತ್ರ ಬರೆದಿದ್ದರೆ ಅದು ಯಾವ ಮೇಜಿಗೂ ತಲುಪುತ್ತಿರಲಿಲ್ಲ. ಸಂಸ್ಥೆ ಬೇಕಾಗುವುದೇ ಅದಕ್ಕೆ. ನ್ಯಾಯಮೂರ್ತಿಯಲ್ಲದವರ ಮಾತನ್ನೂ ಮೇಜಿನವರೆಗೆ ಒಯ್ಯುವುದಕ್ಕೆ.

ದಂಡೆಯ ಗುಡಿಸಲುಗಳ ವಿಷಯದಲ್ಲೇ ಚೆನ್ನೈನ ಹಸಿರು ಉತ್ಸಾಹ ಎಡವುವುದು. ಕಾಲುವೆ, ನದಿ ‘ಪುನರುಜ್ಜೀವನ’ ಎಂಬ ಮಾತು ಬಂದಾಗಲೆಲ್ಲ ಮೊದಲ ಜೆಸಿಬಿ ಹೋಗುವುದು ಬಡವರ ಮನೆಗೆ. ಅವರನ್ನು ಕಣ್ಣಗಿ ನಗರ, ಸೆಮ್ಮಂಚೇರಿ, ಪೆರುಂಬಾಕ್ಕಂಗೆ ಸಾಗಿಸಲಾಯಿತು. 2015ರ ಡಿಸೆಂಬರಿನ ಪ್ರವಾಹದ ನಂತರ ಅಡ್ಯಾರ್, ಕೂವಂ ದಂಡೆಗಳಿಂದ ಸಾವಿರಾರು ಕುಟುಂಬಗಳು ಹೋದವು. ಪ್ರವಾಹದಿಂದ ಕಾಪಾಡುವುದಕ್ಕೆ ಎಂದರು. ಆದರೆ ಪೆರುಂಬಾಕ್ಕಂ ಇರುವುದು ಪಳ್ಳಿಕರಣೈ ಜೌಗಿನ ಆಸುಪಾಸಿನ ತಗ್ಗಿನಲ್ಲಿ. ಪ್ರವಾಹಕ್ಕೆ ಹೆದರಿ ಜೌಗಿಗೆ ಕಳಿಸುವ ಬುದ್ಧಿವಂತಿಕೆಗೆ ಏನೆನ್ನಬೇಕು? ಅದೇ ಕಾಲುವೆಯ ಪಾತ್ರದಲ್ಲಿ ನಿಂತ ರೈಲುಕಂಬಕ್ಕೆ ಯಾರೂ ನೋಟಿಸು ಅಂಟಿಸಲಿಲ್ಲ. ಗುಡಿಸಲು ಒತ್ತುವರಿ, ಕಂಬ ಮೂಲಸೌಕರ್ಯ.

ಹಸಿರಿನ ಹೆಸರಿನಲ್ಲಿ ಕೆಲಸ ಮಾಡುವ ಸಂಸ್ಥೆಯ ಮುಖಂಡನಿಗೆ ಅತಿ ಸುಲಭದ ದಾರಿ ಇಲ್ಲಿ ತೆರೆಯುತ್ತದೆ. ಅಧಿಕಾರಿ ಕರೆದು ಹೇಳುತ್ತಾನೆ: ನಾವು ಜಾಗ ಖಾಲಿ ಮಾಡಿಸಿ ಕೊಡುತ್ತೇವೆ, ನೀವು ಗಿಡ ನೆಡಿ. ಒಪ್ಪಿದ ಕ್ಷಣದಿಂದ ಆ ಸಂಸ್ಥೆ ಎತ್ತಂಗಡಿಯ ತೋಟಗಾರಿಕೆ ಶಾಖೆ. ದಂಡೆಯಲ್ಲಿ ಬದುಕಿದವರಿಗೆ ಯಾವ ಮಳೆಗೆ ನೀರು ಎಲ್ಲಿಯವರೆಗೆ ಏರುತ್ತದೆ, ರಾತ್ರಿ ಯಾವ ಟ್ಯಾಂಕರ್ ಬಂದು ಏನು ಸುರಿಯುತ್ತದೆ ಎಂಬುದು ಗೊತ್ತು. ಅಂಥವರನ್ನು ಇಪ್ಪತ್ತು ಕಿಲೋಮೀಟರ್ ದೂರಕ್ಕೆ ಕಳಿಸಿ, ಕಾವಲಿಗೆ ಸಿಸಿಟಿವಿ ಹಾಕುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ. ನೀರಿನ ದಾರಿಯಲ್ಲಿ ನಿಜವಾಗಿ ಇರುವ ಮನೆ ಸರಿಯಲೇಬೇಕು, ಅದರಲ್ಲಿ ಭಾವುಕತೆ ಬೇಡ. ಸರಿಯುವುದು ಅದೇ ವಾರ್ಡಿನೊಳಗೆ ಆಗಬೇಕೆಂದು ಹಟ ಹಿಡಿಯುವುದು ಸಂಸ್ಥೆಯ ಕೆಲಸ. ಆ ಹಟಕ್ಕೆ ದಾನಿಗಳು ಸಿಗುವುದಿಲ್ಲ.

ಸಾರ್ವಜನಿಕ ಎಂಬ ಪದದ ಬಗ್ಗೆಯೂ ಜಗಳ ಇದೆ. ಅಡ್ಯಾರ್ ನದಿಯ ಹಿನ್ನೀರಿನಲ್ಲಿ 58 ಎಕರೆಯ ತೊಲ್ಕಾಪ್ಪಿಯ ಪೂಂಗಾ 2011ರಲ್ಲಿ ಉದ್ಘಾಟನೆಯಾಯಿತು. ಕಸ, ಕಟ್ಟಡದ ಅವಶೇಷ ತುಂಬಿದ್ದ ತೊರೆಗೆ ಮತ್ತೆ ನೀರು, ಕಾಂಡ್ಲ, ಹಕ್ಕಿ ಬಂದವು. ಅದು ಸಣ್ಣ ಸಾಧನೆಯಲ್ಲ, ಹೀಗಳೆಯುವುದು ಅನ್ಯಾಯ. ಆದರೆ ಬಹುಕಾಲ ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಪಡೆಯಬೇಕಿತ್ತು, ನಿಗದಿತ ದಿನ ಬರಬೇಕಿತ್ತು. ಜೀವವೈವಿಧ್ಯಕ್ಕೆ ಶಾಂತಿ ಬೇಕು ಎಂಬುದು ಕಾರಣ, ಒಪ್ಪತಕ್ಕದ್ದೇ. ಹಾಗಾದರೆ ಅದನ್ನು ಅಭಯಾರಣ್ಯ ಎನ್ನಬೇಕು. ಗೇಟಿನ ಹೊರಗಿನ ಗೂಡಂಗಡಿಯವನು ಮಧ್ಯಾಹ್ನದ ಬಿಸಿಲಿಗೆ ಒಂದು ಮರದ ಕೆಳಗೆ ಕೂರಲು ಆಗದ ಜಾಗವನ್ನು ಸಾರ್ವಜನಿಕ ಉದ್ಯಾನ ಎನ್ನುವುದು ಭಾಷೆಗೆ ಮಾಡುವ ಅಪಚಾರ.

ಹಾಗಾದರೆ ಎಲ್ಲವನ್ನೂ ನಾಗರಿಕ ಸಂಸ್ಥೆಯ ಕೈಗೇ ಕೊಟ್ಟುಬಿಡಲಿ ಎನ್ನುವವರಿದ್ದಾರೆ. ಅವರು ಇಂಗ್ಲೆಂಡಿನ ಕಡೆ ನೋಡಬೇಕು. 2012ರಲ್ಲಿ ಅಲ್ಲಿನ ಸರ್ಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಕಾಲುವೆ, ನದಿಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ವಹಿಸಿತು, ಜೊತೆಗೆ 15 ವರ್ಷದ ಅನುದಾನ. ಸ್ವಯಂಸೇವಕರು ಬಂದರು, ಲಾಕ್‌ಗೇಟುಗಳಿಗೆ ಬಣ್ಣ ಬಂತು. 2023ರಲ್ಲಿ ಸರ್ಕಾರ 2027ರಿಂದಾಚೆಗಿನ ಅನುದಾನವನ್ನು ಇಳಿಸುತ್ತ ಹೋಗುವುದಾಗಿ ಹೇಳಿತು. ಇನ್ನೂರು ವರ್ಷ ಹಳೆಯ ಏರಿಗಳು, ಜಲಾಶಯಗಳು ದತ್ತಿ ಸಂಸ್ಥೆಯ ಹೆಗಲಲ್ಲಿ ಉಳಿದವು. ಸರ್ಕಾರ ಕರ್ತವ್ಯವನ್ನು ಸನ್ಮಾನ ಮಾಡಿ ಹಸ್ತಾಂತರಿಸುವ ಬಗೆ ಇದು. ನಾಗರಿಕ ಸಂಸ್ಥೆ ಕಾಲುವೆಯ ಒಡೆಯನಾಗಬಾರದು, ಸಾಕ್ಷಿಯಾಗಬೇಕು. ಹೂಳೆತ್ತುವುದು, ಕೊಳಚೆ ಶುದ್ಧೀಕರಿಸುವುದು, ದಂಡೆ ಕಟ್ಟುವುದು ತೆರಿಗೆ ವಸೂಲು ಮಾಡುವವರ ಹೊಣೆ. ಮಾಡಿಸುವುದು, ಮಾಡದಿದ್ದರೆ ಎಳೆದು ತರುವುದು ಸಂಸ್ಥೆಯದು.

ಎಳೆದು ತರಬಹುದು ಎಂಬುದಕ್ಕೆ ಪುಣೆ ಸಾಕ್ಷಿ. ಮುಠಾ ನದಿಯ ನೀಲಿ ರೇಖೆಯೊಳಗೆ, ಎಂದರೆ ಪ್ರವಾಹದ ನೀರಿಗೆ ಬಿಡಬೇಕಾದ ಜಾಗದಲ್ಲಿ, ವಿಠ್ಠಲವಾಡಿಯಿಂದ ಹೆದ್ದಾರಿಯವರೆಗೆ ಮಹಾನಗರಪಾಲಿಕೆ ರಸ್ತೆ ಹಾಕುತ್ತಿತ್ತು. ನಾಗರಿಕರು ಹಸಿರು ನ್ಯಾಯಮಂಡಳಿಗೆ ಹೋದರು, 2013ರಲ್ಲಿ ಆದೇಶ ಅವರ ಪರವಾಗಿ ಬಂತು. ಆದರೆ ಅದೇ ಮುಠಾ ನದಿಯ ಪಾತ್ರದಲ್ಲಿ ಮೆಟ್ರೋ ಮಾರ್ಗದ ಸುಮಾರು 1.7 ಕಿಲೋಮೀಟರ್ ಹಾಯುವುದನ್ನು ತಡೆಯಲು ಆಗಲಿಲ್ಲ, ಷರತ್ತುಗಳೊಂದಿಗೆ ಒಪ್ಪಿಗೆ ಸಿಕ್ಕಿತು. ಒಂದು ಗೆದ್ದು ಒಂದು ಸೋತರು. ಚೆನ್ನೈಗೆ ಹೋಲಿಸಿದರೆ ಅವರು ಕನಿಷ್ಠ ಆಟದಲ್ಲಿದ್ದರು.

ಹೈದರಾಬಾದಿನಲ್ಲಿ ಕೇಳುವವರು ಮೊದಲೇ ಇದ್ದರು, ಅದೂ ಸರ್ಕಾರದೊಳಗೇ. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹದ ನಂತರ ನಿಜಾಮರು ವಿಶ್ವೇಶ್ವರಯ್ಯನವರನ್ನು ಕರೆಸಿದರು. ಮೇಲ್ಗಡೆ ಜಲಾಶಯ ಕಟ್ಟಿ ಎಂಬ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಬಂದವು. ನದಿಯ ದಂಡೆಗಳನ್ನು ವಿಹಾರಕ್ಕೆ, ಉದ್ಯಾನಕ್ಕೆ ಬಿಡಿ ಎಂಬ ಮಾತೂ ಅವರ ಸಲಹೆಗಳಲ್ಲಿತ್ತು. ಜಲಾಶಯದ ಮಾತು ಉಳಿಯಿತು, ಏಕೆಂದರೆ ಅದಕ್ಕೆ ಇಲಾಖೆ ಇತ್ತು, ಎಂಜಿನಿಯರುಗಳಿದ್ದರು, ಬಜೆಟ್ ಇತ್ತು. ದಂಡೆಯ ಮಾತಿಗೆ ವಾರಸುದಾರರಿರಲಿಲ್ಲ. ಮುಂದೆ ಮೂಸಿಯ ಪಾತ್ರದ ನಡುವೆಯೇ ದೊಡ್ಡ ಬಸ್ ನಿಲ್ದಾಣ ಬಂತು.

ಬಕಿಂಗ್‌ಹ್ಯಾಮ್ ಕಾಲುವೆಗೆ ವಾರಸುದಾರಿಕೆ ವಹಿಸಲು ಇನ್ನೂ ಹೊತ್ತು ಮೀರಿಲ್ಲ. ಕಂಬಗಳನ್ನು ಯಾರೂ ಕೀಳುವುದಿಲ್ಲ, ಆ ಕನಸು ಬೇಡ. ನಗರದ ದಕ್ಷಿಣಕ್ಕೆ, ಐಟಿ ಕಾರಿಡಾರಿಗೂ ಕಡಲಿಗೂ ನಡುವೆ ಕಂಬವಿಲ್ಲದ ಕಾಲುವೆ ಇನ್ನೂ ಮೈಲುಗಟ್ಟಲೆ ಹರಿದಿದೆ. ಅಲ್ಲಿ ಮುಂದಿನ ಮೇಲ್ಸೇತುವೆಯ ನಕ್ಷೆ ಬರುವ ಮೊದಲು ಸಂಘ ಇರಬೇಕು. ಅದರ ಮುಖಂಡನ ಕೈಯಲ್ಲಿ ಮೊದಲು ಇರಬೇಕಾದದ್ದು ಗುದ್ದಲಿಯಲ್ಲ, ಕಂದಾಯ ಇಲಾಖೆಯ ಸರ್ವೆ ನಕ್ಷೆ. ಯಾವ ಸರ್ವೆ ನಂಬರಿನಲ್ಲಿ ಕಾಲುವೆಯ ಅಗಲ ಎಷ್ಟು ಎಂದು ಬರೆದಿದೆ, ಈಗ ನೆಲದ ಮೇಲೆ ಎಷ್ಟಿದೆ. ಒಬ್ಬೊಬ್ಬ ಸದಸ್ಯನಿಗೆ ಒಂದೊಂದು ಕಿಲೋಮೀಟರ್. ಈಶಾನ್ಯ ಮಾರುತ ಅಕ್ಟೋಬರಿನಲ್ಲಿ ಹಿಡಿಯುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಅಳೆದು, ಬರೆದು, ಜಲಸಂಪನ್ಮೂಲ ಇಲಾಖೆಯ ಮೇಜಿನ ಮೇಲೆ ಇಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರಬೇಕು. ಮರುವರ್ಷ ಮತ್ತೆ ಅದೇ ಅಳತೆ, ಅದೇ ಮೇಜು.